ಪ್ರವಾಹವನ್ನು ಗುಡ್ಡದ ಮೇಲೇ ತಡೆದ ರೈತರು

ಹೊಳೆ ಉಕ್ಕಿ ಹರಿದಾಗ ಎಲ್ಲರ ಕಣ್ಣೂ ಹೊಳೆಯ ಮೇಲೇ. ಎಷ್ಟು ಅಡಿ ನೀರು ಬಂತು, ಯಾವ ಸೇತುವೆ ಮುಳುಗಿತು, ಯಾರ ಹೊಲದ ಮೇಲೆ ಮರಳು ಬಿತ್ತು ಎಂಬುದೇ ಮಾತು. ಆ ನೀರು ಅಷ್ಟೊಂದು ಕದಡಿರುವುದೇಕೆ, ಅದರಲ್ಲಿರುವ ಮಣ್ಣು ಯಾರ ಹೊಲದ್ದು ಎಂದು ತಲೆಯೆತ್ತಿ ಗುಡ್ಡದ ಕಡೆ ನೋಡುವವರು ಕಡಿಮೆ. ಹಾಗೆ ತಲೆಯೆತ್ತಿ ನೋಡಿದ ಒಂದು ಕಣಿವೆಯ ಕಥೆ ಇದು.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಪಶ್ಚಿಮ ಭಾಗದಲ್ಲಿ ಕೂನ್ ಕ್ರೀಕ್ ಎಂಬ ಚಿಕ್ಕ ಹೊಳೆಯೊಂದಿದೆ. ಅದು ಗುಡ್ಡಗಳ ನಡುವೆ ಹರಿದು ಮಿಸಿಸಿಪ್ಪಿ ಮಹಾನದಿಯನ್ನು ಸೇರುತ್ತದೆ. ಅದರ ಜಲಾನಯನ ಪ್ರದೇಶ, ಅಂದರೆ ಅಲ್ಲಿ ಬಿದ್ದ ಮಳೆಯೆಲ್ಲ ಆ ಹೊಳೆಗೇ ಬಂದು ಸೇರುವ ಪ್ರದೇಶ, ಸುಮಾರು 90,000 ಎಕರೆ. ಹಿಮಯುಗದಲ್ಲಿ ಉತ್ತರ ಅಮೆರಿಕದ ಬಹುಭಾಗವನ್ನು ಉಜ್ಜಿ ಮಟ್ಟ ಮಾಡಿದ ಹಿಮರಾಶಿ ಈ ಪ್ರದೇಶವನ್ನು ಮುಟ್ಟದೆ ಬಿಟ್ಟಿತು. ಹೀಗಾಗಿ ಇಲ್ಲಿ ಕಡಿದಾದ ಇಳಿಜಾರುಗಳೂ ಇಕ್ಕಟ್ಟಾದ ಕಣಿವೆಗಳೂ ಉಳಿದುಕೊಂಡವು. ಗುಡ್ಡಗಳ ಮೇಲೆ ಪ್ರಾಚೀನ ಕಾಲದಲ್ಲಿ ಗಾಳಿ ತಂದು ಹರಡಿದ ನವಿರಾದ ಮಣ್ಣಿದೆ. ಅದು ಫಲವತ್ತಾದದ್ದು, ಆದರೆ ನೀರಿನಲ್ಲಿ ಬೇಗ ಕೊಚ್ಚಿಹೋಗುವಂಥದು.

ಚೌಕದ ಹೊಲ, ದುಂಡು ಗುಡ್ಡ

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಯುರೋಪಿನಿಂದ, ಮುಖ್ಯವಾಗಿ ನಾರ್ವೆಯಿಂದ, ಬಂದ ರೈತರು ಇಲ್ಲಿ ನೆಲೆಸಿದರು. ಮೊದಲು ಗೋಧಿ ಬೆಳೆದರು, ನಂತರ ಹಾಲಿಗಾಗಿ ದನ ಸಾಕಿದರು. ಸರ್ಕಾರ ಭೂಮಿಯನ್ನು ಅಳೆದು ಹಂಚಿದ್ದು ಚೌಕಚೌಕವಾಗಿ. ಆದರೆ ಗುಡ್ಡ ಚೌಕವಾಗಿರುವುದಿಲ್ಲವಲ್ಲ! ಬೇಲಿಯ ಗೆರೆ ಹಿಡಿದು ನೇರವಾಗಿ ಉಳುತ್ತ ಹೋದಾಗ ನೇಗಿಲ ಸಾಲುಗಳು ಅನೇಕ ಕಡೆ ಮೇಲಿಂದ ಕೆಳಕ್ಕೆ ಬಿದ್ದವು. ಮಳೆ ಬಂದಾಗ ಪ್ರತಿಯೊಂದು ಸಾಲೂ ಒಂದು ಕಾಲುವೆಯಾಯಿತು.

ಉಳಲಾಗದಷ್ಟು ಕಡಿದಾದ ಕಡೆ ಕಾಡಿತ್ತು. ಅಲ್ಲಿಗೆ ದನಗಳನ್ನು ಮೇಯಲು ಬಿಟ್ಟರು. ಮರಗಳು ನಿಂತಿದ್ದವು ನಿಜ. ಆದರೆ ಅವುಗಳ ಕೆಳಗಿನ ಹುಲ್ಲು, ಸಸಿಗಳೆಲ್ಲ ಹೋದವು. ದನಗಳ ತುಳಿತಕ್ಕೆ ನೆಲ ಗಟ್ಟಿಯಾಗಿ ನೀರು ಇಂಗುವುದು ಕಡಿಮೆಯಾಯಿತು.

ಇದರ ಫಲ ಒಂದೆರಡು ತಲೆಮಾರುಗಳಲ್ಲೇ ಕಾಣಿಸಿತು. ಗುಡ್ಡದ ಮೈಯಲ್ಲಿ ಕೊರಕಲುಗಳು ಬಿದ್ದವು. ಕೆಳಗೆ ಹೊಳೆಯ ಪಾತ್ರ ಹೂಳಿನಿಂದ ತುಂಬಿತು. ಪಾತ್ರ ತುಂಬಿದ ಹೊಳೆಗೆ ಸಣ್ಣ ಮಳೆಯೂ ಹೆಚ್ಚೇ. 1920 ಮತ್ತು 30ರ ದಶಕಗಳಲ್ಲಿ ಕಣಿವೆಯ ತಳದ ಕೆಲವು ಕಡೆ ವರ್ಷಕ್ಕೆ 15 ಸೆಂಟಿಮೀಟರ್‌ವರೆಗೂ ಹೂಳು ಏರುತ್ತಿತ್ತು. ಮೇಲಿನ ರೈತ ಮಣ್ಣು ಕಳೆದುಕೊಂಡ. ಕೆಳಗಿನ ರೈತ ಆ ಮಣ್ಣಿನಡಿ ತನ್ನ ಹುಲ್ಲುಗಾವಲನ್ನೇ ಕಳೆದುಕೊಂಡ. ಲಾಭವಾದದ್ದು ಯಾರಿಗೂ ಇಲ್ಲ.

ಒಂದು ಹನಿಯ ಪೆಟ್ಟು

ಮಳೆಹನಿ ಇಷ್ಟೆಲ್ಲ ಹಾನಿ ಮಾಡೀತೆ ಎಂದು ವಿದ್ಯಾರ್ಥಿಗಳಿಗೆ ಅನುಮಾನ ಬರಬಹುದು. 5 ಮಿಲಿಮೀಟರ್ ಅಗಲದ ದಪ್ಪ ಹನಿ ನೆಲಕ್ಕೆ ಬಡಿಯುವಾಗ ಅದರ ವೇಗ ಸೆಕೆಂಡಿಗೆ ಸುಮಾರು 9 ಮೀಟರ್. ಅದು ಬರಿಯ ಮಣ್ಣಿಗೆ ಬಿದ್ದರೆ ಮಣ್ಣಿನ ಹರಳುಗಳನ್ನು ಒಡೆದು ಚಿಮ್ಮಿಸುತ್ತದೆ. ಒಡೆದ ನವಿರು ಕಣಗಳು ನೆಲದ ರಂಧ್ರಗಳಲ್ಲಿ ಕೂತು ಬಾಯಿ ಮುಚ್ಚುತ್ತವೆ. ಇಂಗಬೇಕಾಗಿದ್ದ ನೀರು ಮೇಲೆಯೇ ಹರಿಯುತ್ತದೆ.

ಹರಿಯುವ ನೀರಿನ ಶಕ್ತಿ ಅದರ ವೇಗದ ವರ್ಗಕ್ಕೆ ಅನುಗುಣ. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿ. ಇನ್ನೂ ಆಶ್ಚರ್ಯವೆಂದರೆ, ವೇಗ ಇಮ್ಮಡಿಯಾದರೆ ನೀರು ಉರುಳಿಸಬಲ್ಲ ಕಲ್ಲಿನ ತೂಕ ಸಿದ್ಧಾಂತದ ಪ್ರಕಾರ 64 ಪಟ್ಟು ಹೆಚ್ಚುತ್ತದೆ. ಆದ್ದರಿಂದ ಇಳಿಜಾರಿನಲ್ಲಿ ನೀರನ್ನು ಪೂರ್ತಿ ನಿಲ್ಲಿಸಲಾಗದಿದ್ದರೂ ಚಿಂತೆಯಿಲ್ಲ. ಅದರ ನಡಿಗೆ ನಿಧಾನವಾದರೂ ಸಾಕು, ಹಾನಿ ಬಹಳಷ್ಟು ತಗ್ಗುತ್ತದೆ. ಮಣ್ಣಿನ ಸಂರಕ್ಷಣೆಯ ಬಹುಪಾಲು ವಿಧಾನಗಳ ಗುಟ್ಟು ಇಷ್ಟೇ.

ಎಲ್ಲಕ್ಕಿಂತ ಮೋಸದ ಸವಕಳಿ ಕಣ್ಣಿಗೆ ಕಾಣದ್ದು. ಇಡೀ ಹೊಲದಿಂದ ತೆಳುವಾದ ಹಾಳೆಯಂತೆ ಮಣ್ಣು ಹೋಗುತ್ತಿರುತ್ತದೆ. ಲೆಕ್ಕ ಹಾಕಿ ನೋಡಿ: ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಅಲ್ಲಿಂದ ಕೇವಲ 1 ಮಿಲಿಮೀಟರ್ ದಪ್ಪದ ಮಣ್ಣು ಹೋದರೆ 4 ಘನ ಮೀಟರ್ ಹೋದಂತೆ. ತೂಕ ಸುಮಾರು 5 ಟನ್. ರೈತನಿಗೆ ಹೊಲ ನಿನ್ನೆಯಂತೆಯೇ ಕಾಣುತ್ತಿರುತ್ತದೆ.

ಇದನ್ನು ಕಂಡು ಹಿಡಿದು ಜೀವನಪೂರ್ತಿ ಸಾರಿದವರು ಹ್ಯೂ ಹ್ಯಾಮಂಡ್ ಬೆನೆಟ್. 1881ರಲ್ಲಿ ನಾರ್ತ್ ಕೆರೊಲಿನಾದ ರೈತ ಕುಟುಂಬದಲ್ಲಿ ಹುಟ್ಟಿದ ಅವರು ಸರ್ಕಾರದ ಮಣ್ಣು ಸಮೀಕ್ಷೆಯ ಕೆಲಸಕ್ಕೆ ಸೇರಿದ್ದರು. 1905ರಲ್ಲಿ ವರ್ಜೀನಿಯಾದಲ್ಲಿ ಒಂದರ ಪಕ್ಕ ಒಂದಿದ್ದ ಎರಡು ಜಮೀನುಗಳನ್ನು ಪರೀಕ್ಷಿಸಿದರು. ಕಾಡಿದ್ದ ಕಡೆ ಮಣ್ಣು ಮೆತ್ತಗೆ, ತೇವವಾಗಿತ್ತು. ಬಹುಕಾಲ ಉತ್ತಿದ್ದ ಕಡೆ ಗಟ್ಟಿಯಾದ ಜೇಡಿ ಮೇಲಕ್ಕೆ ಬಂದಿತ್ತು. ಎರಡೂ ಒಂದು ಕಾಲಕ್ಕೆ ಒಂದೇ ಬಗೆಯ ಭೂಮಿ. ಹಾಗಾದರೆ ಮೇಲಿದ್ದ ಮಣ್ಣು ಎಲ್ಲಿ ಹೋಯಿತು? ಮಳೆ ಮಳೆಗೂ ಪದರ ಪದರವಾಗಿ ತೊಳೆದು ಹೋಗಿತ್ತು. ಆದರೆ ಮಣ್ಣು ಎಂದಿಗೂ ಮುಗಿಯದ ಸಂಪತ್ತು ಎಂದು ಅವರು ದುಡಿಯುತ್ತಿದ್ದ ಇಲಾಖೆಯೇ 1909ರಲ್ಲಿ ಪ್ರಕಟಿಸಿತು. ಆ ನಂಬಿಕೆಯನ್ನು ಅಲುಗಾಡಿಸಲು ಬೆನೆಟ್ ಅವರಿಗೆ ಕಾಲು ಶತಮಾನವೇ ಹಿಡಿಯಿತು.

ಮುಗ್ಗಟ್ಟಿನ ದಿನಗಳು

1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿದು ಆರ್ಥಿಕ ಮಹಾಮುಗ್ಗಟ್ಟು ಆರಂಭವಾಯಿತು. 1932ರ ವೇಳೆಗೆ ಅಲ್ಲಿನ ರೈತರ ನಿವ್ವಳ ಆದಾಯ ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯಿತು. ಬೆಲೆ ಇಳಿದಾಗ ರೈತ ಏನು ಮಾಡುತ್ತಾನೆ? ಸಾಲ ತೀರಿಸಲು ಇನ್ನಷ್ಟು ಬೆಳೆಯಲು ನೋಡುತ್ತಾನೆ. ಇನ್ನಷ್ಟು ಇಳಿಜಾರನ್ನು ಉಳುತ್ತಾನೆ, ಇನ್ನಷ್ಟು ದನಗಳನ್ನು ಗುಡ್ಡಕ್ಕೆ ಬಿಡುತ್ತಾನೆ. ಹಾಗೆ ಮಾಡಿದಷ್ಟೂ ಮಣ್ಣು ಹೋಗುತ್ತದೆ. ಮಣ್ಣು ಹೋದಷ್ಟೂ ಬೆಳೆ ಕಡಿಮೆಯಾಗುತ್ತದೆ. ವಿಸ್ಕಾನ್ಸಿನ್‌ನ ಹೈನುಗಾರರು ಬೆಲೆ ಸಿಗದೆ 1933ರಲ್ಲಿ ಮೂರು ಸಲ ಹಾಲು ಮುಷ್ಕರ ಹೂಡಿದರು.

ಅದೇ 1933ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಧ್ಯಕ್ಷರಾದರು. ನಿರುದ್ಯೋಗಿ ಯುವಕರಿಗಾಗಿ ಒಂದು ಸಂರಕ್ಷಣಾ ದಳ ರಚಿತವಾಯಿತು. ತಿಂಗಳಿಗೆ 30 ಡಾಲರ್ ಸಂಬಳ. ಅದರಲ್ಲಿ 25 ಡಾಲರ್ ನೇರವಾಗಿ ಮನೆಗೆ. ಸೆಪ್ಟೆಂಬರ್‌ನಲ್ಲಿ ಮಣ್ಣು ಸವಕಳಿ ತಡೆಯುವ ಹೊಸ ಸಂಸ್ಥೆಗೆ ಬೆನೆಟ್ ಮುಖ್ಯಸ್ಥರಾದರು. ಉಪನ್ಯಾಸದಿಂದ ರೈತ ಬದಲಾಗುವುದಿಲ್ಲ, ಕಣ್ಣಾರೆ ಕಂಡರೆ ಮಾತ್ರ ನಂಬುತ್ತಾನೆ ಎಂಬುದು ಅವರ ಅನುಭವ. ಅದಕ್ಕಾಗಿ ಒಂದು ಇಡೀ ಜಲಾನಯನ ಪ್ರದೇಶವನ್ನೇ ಪ್ರಾತ್ಯಕ್ಷಿಕೆಗೆ ಆರಿಸಿದರು. ದೇಶದಲ್ಲೇ ಮೊದಲನೆಯದಾದ ಆ ಪ್ರದೇಶವೇ ಕೂನ್ ಕ್ರೀಕ್ ಕಣಿವೆ, ಅಂದರೆ ಕೂನ್ ವ್ಯಾಲಿ.

ಬೇಲಿ ದಾಟಿದ ಒಪ್ಪಂದ

ಯೋಜನೆಯ ಷರತ್ತು ಸರಳವಾಗಿತ್ತು. ರೈತ ತನ್ನ ಹೊಲಕ್ಕೆ ತಜ್ಞರೊಡನೆ ಕುಳಿತು ಮಾಡಿದ ನಕ್ಷೆಯಂತೆ ಐದು ವರ್ಷ ಬೇಸಾಯ ಮಾಡಬೇಕು. ಸರ್ಕಾರ ಬೀಜ, ಸುಣ್ಣ, ಗೊಬ್ಬರ, ಬೇಲಿಯ ಸಾಮಗ್ರಿ ಒದಗಿಸುತ್ತದೆ. ಕೊರಕಲು ಮುಚ್ಚಲು, ಬೇಲಿ ಹಾಕಲು, ಸಸಿ ನೆಡಲು ಶಿಬಿರದ ಯುವಕರು ಬರುತ್ತಾರೆ. ರೈತರು ಮೊದಲು ಹಿಂಜರಿದರು. ಅಜ್ಜ ಹಾಕಿದ ನೇರ ಸಾಲನ್ನು ಬಿಟ್ಟು ಹಾವಿನಂತೆ ಡೊಂಕಾಗಿ ಉಳುವುದೆಂದರೆ ನೆರೆಯವರು ನಕ್ಕಾರು ಎಂಬ ಅಳುಕು ಬೇರೆ. ಆದರೂ ಒಬ್ಬರನ್ನು ನೋಡಿ ಒಬ್ಬರು ಮುಂದೆ ಬಂದರು. ಕೊನೆಗೆ ನಾನೂರಕ್ಕೂ ಹೆಚ್ಚು ರೈತರು ಸಹಿ ಹಾಕಿದರು.

ಮಾಡಿದ ಕೆಲಸಗಳೂ ದುಬಾರಿ ಯಂತ್ರಗಳನ್ನು ಬೇಡುವಂಥವಲ್ಲ. ಮೊದಲನೆಯದು, ಇಳಿಜಾರಿಗೆ ಅಡ್ಡವಾಗಿ, ಒಂದೇ ಎತ್ತರದ ಗೆರೆ ಹಿಡಿದು ಉಳುವುದು. ಆಗ ಪ್ರತಿ ಸಾಲೂ ಒಂದು ಪುಟ್ಟ ಬದುವಾಗಿ ನೀರನ್ನು ತಡೆಯುತ್ತದೆ. ಎರಡನೆಯದು, ಪಟ್ಟಿ ಬೇಸಾಯ. ಒಂದು ಪಟ್ಟಿ ಮುಸುಕಿನ ಜೋಳ, ಅದರ ಕೆಳಗೊಂದು ಪಟ್ಟಿ ಓಟ್ಸ್, ಮತ್ತೊಂದು ಪಟ್ಟಿ ಕುದುರೆ ಮಸಾಲೆ ಹುಲ್ಲು. ಜೋಳದ ಸಾಲಿನಿಂದ ಹೊರಟ ಮಣ್ಣು ಒತ್ತಾಗಿ ಬೆಳೆದ ಹುಲ್ಲಿನ ಪಟ್ಟಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಮೂರನೆಯದು, ಈ ಪಟ್ಟಿಗಳ ಬೆಳೆಗಳನ್ನು ವರ್ಷ ವರ್ಷ ಸರದಿಯಂತೆ ಬದಲಿಸುವುದು. ಕುದುರೆ ಮಸಾಲೆ ದ್ವಿದಳ ಜಾತಿಯದು. ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ, ದನಗಳಿಗೂ ಒಳ್ಳೆಯ ಮೇವು. ನಾಲ್ಕನೆಯದು, ಕಡಿದಾದ ಕಾಡಿಗೆ ಬೇಲಿ ಹಾಕಿ ದನಗಳನ್ನು ಹೊರಗಿಡುವುದು. ಒಳ್ಳೆಯ ಮೇವು ಕೆಳಗೇ ಸಿಕ್ಕಿದ್ದರಿಂದ ರೈತರು ಇದಕ್ಕೆ ಒಪ್ಪಿದರು ಎಂಬುದನ್ನು ಗಮನಿಸಬೇಕು.

ಆಗ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿದ್ದ ಪ್ರಸಿದ್ಧ ನಿಸರ್ಗತಜ್ಞ ಆಲ್ಡೊ ಲಿಯೊಪೋಲ್ಡ್ ಈ ಕೆಲಸಕ್ಕೆ ಸಲಹೆಗಾರರಾಗಿದ್ದರು. ಬೆಳೆ, ಅರಣ್ಯ, ವನ್ಯಜೀವಿ, ನೀರು ಎಂದು ಬೇರೆ ಬೇರೆ ಇಲಾಖೆಗಳು ಬೇರೆ ಬೇರೆ ದಾರಿ ಹಿಡಿಯದೆ ಒಂದೇ ಹೊಲದ ಮೇಲೆ ಒಟ್ಟಾಗಿ ನಿಂತದ್ದನ್ನು ಅವರು ಬಹಳ ಮೆಚ್ಚಿಕೊಂಡು 1935ರಲ್ಲಿ ಲೇಖನ ಬರೆದರು. ಅದೇ ವರ್ಷ ಏಪ್ರಿಲ್ 27ರಂದು ಮಣ್ಣಿನ ಸಂರಕ್ಷಣೆಗಾಗಿಯೇ ಕಾಯಿದೆ ಜಾರಿಗೆ ಬಂತು. ಬೆನೆಟ್ ಅವರ ಸಂಸ್ಥೆ ಶಾಶ್ವತವಾಯಿತು.

ಅಳೆದು ನೋಡಿದಾಗ

ಕಾಣುವುದಕ್ಕೆ ಚೆಂದವಾದರೆ ಸಾಲದು, ಅಳತೆಗೂ ಸಿಗಬೇಕು. 1930ರ ದಶಕದ ಕೊನೆಯಲ್ಲಿ ತಜ್ಞರು ಕಣಿವೆಗೆ ಅಡ್ಡಲಾಗಿ ಹಲವು ಕಡೆ ಹೂಳಿನ ಮಟ್ಟವನ್ನು ಅಳೆದು ದಾಖಲಿಸಿದ್ದರು. ದಶಕಗಳ ನಂತರ ಭೂಗೋಳ ವಿಜ್ಞಾನಿ ಸ್ಟ್ಯಾನ್ಲಿ ಟ್ರಿಂಬಲ್ ಅದೇ ಜಾಗಗಳನ್ನು ಹುಡುಕಿ ಮತ್ತೆ ಅಳೆದರು. 1975ರಿಂದ 1993ರವರೆಗಿನ ಅವಧಿಯಲ್ಲಿ ಕಣಿವೆಯಲ್ಲಿ ಹೂಳು ಸೇರುವ ವೇಗ 1930ರ ದಶಕದ ವೇಗದ ಸುಮಾರು ಶೇ. 6ರಷ್ಟು ಮಾತ್ರ ಇತ್ತು! ಪ್ರವಾಹದ ಅಬ್ಬರ ತಗ್ಗಿತು. ಇಂಗಿದ ನೀರು ಒರತೆಯಾಗಿ ಹರಿದು ಬೇಸಿಗೆಯಲ್ಲೂ ಹೊಳೆ ತಣ್ಣಗಿತ್ತು. ತಣ್ಣೀರನ್ನೇ ಬಯಸುವ ಟ್ರೌಟ್ ಮೀನುಗಳು ಚೆನ್ನಾಗಿ ಬೆಳೆಯತೊಡಗಿದವು.

ಆದರೆ ಕಥೆ ಇಲ್ಲಿಗೇ ಮುಗಿಯಲಿಲ್ಲ. 2018ರ ಆಗಸ್ಟ್ 27ರ ರಾತ್ರಿ ಆ ಪ್ರದೇಶದಲ್ಲಿ ಭಾರಿ ಮಳೆ ಸುರಿಯಿತು. ಪ್ರವಾಹ ತಡೆಗೆಂದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಟ್ಟಿದ್ದ ಮಣ್ಣಿನ ಅಣೆಕಟ್ಟುಗಳಲ್ಲಿ ಐದು ಒಡೆದವು. ಅವುಗಳಲ್ಲಿ ಮೂರು ಕೂನ್ ಕ್ರೀಕ್‌ನವು, ಎರಡು ಪಕ್ಕದ ಹೊಳೆಯವು. ಕಟ್ಟೆಗಳು ಆತುಕೊಂಡಿದ್ದ ಗುಡ್ಡದ ಬಿರುಕುಬಿಟ್ಟ ಬಂಡೆಗಳಲ್ಲಿ ನೀರು ನುಗ್ಗಿತ್ತು. ಅಷ್ಟರಲ್ಲಾಗಲೇ ಅಲ್ಲಿ ಸಣ್ಣ ಹೈನುಗಾರರು ಕಡಿಮೆಯಾಗುತ್ತ ಬಂದಿದ್ದರು. ದನಗಳಿಲ್ಲದ ಮೇಲೆ ಹುಲ್ಲಿನ ಪಟ್ಟಿ ಯಾರಿಗೆ ಬೇಕು? ಎಷ್ಟೋ ಕಡೆ ಅದು ಜೋಳ, ಸೋಯಾ ಅವರೆಗಳಿಗೆ ಜಾಗ ಬಿಟ್ಟುಕೊಟ್ಟಿತ್ತು. ಪ್ರವಾಹದ ನಂತರ ಅಲ್ಲಿನ ರೈತರು ಮತ್ತೆ ಒಟ್ಟುಗೂಡಿದರು. ಅವರ ಚರ್ಚೆ ಮತ್ತೆ ಗುಡ್ಡದ ಮೇಲಿನ ಹುಲ್ಲು, ಬೆಳೆ ಸರದಿ, ನೀರು ಇಂಗಿಸುವ ಮಾತಿನತ್ತಲೇ ತಿರುಗಿತು.

ಮನೆಯಲ್ಲೇ ಒಂದು ಪರೀಕ್ಷೆ

ಕೂನ್ ವ್ಯಾಲಿಯ ಪಾಠವನ್ನು ಜಗಲಿಯ ಮೇಲೂ ನೋಡಬಹುದು. ಮೂರು ಪ್ಲಾಸ್ಟಿಕ್ ಬಾಟಲಿಗಳನ್ನು ಉದ್ದಕ್ಕೆ ಕತ್ತರಿಸಿ ಮಣ್ಣು ತುಂಬಿ. ಕತ್ತರಿಸುವ ಕೆಲಸ ದೊಡ್ಡವರದಿರಲಿ. ಮೊದಲನೆಯದರಲ್ಲಿ ಹುಲ್ಲಿನ ಹೆಂಟೆ ಕೂರಿಸಿ. ಎರಡನೆಯದರ ಬರಿ ಮಣ್ಣಿನಲ್ಲಿ ಬೆರಳಿನಿಂದ ಅಡ್ಡ ಗೆರೆ ಎಳೆಯಿರಿ, ಮೂರನೆಯದರಲ್ಲಿ ಉದ್ದ ಗೆರೆ. ಮೂರನ್ನೂ ಒಂದೇ ಇಳಿಜಾರಿಗೆ ಇಟ್ಟು ಬಾಟಲಿಯ ಬಾಯಿಗೆ ಒಂದೊಂದು ಲೋಟ ಒಡ್ಡಿ. ತಳಕ್ಕೆ ಸಣ್ಣ ತೂತು ಕೊರೆದ ಡಬ್ಬದಿಂದ ಸಮನಾಗಿ ನೀರು ಸುರಿಸಿ. ಯಾವ ಲೋಟ ಮೊದಲು ತುಂಬುತ್ತದೆ, ಯಾವುದರ ನೀರು ಹೆಚ್ಚು ಕದಡಿದೆ, ಒಂದು ದಿನ ಬಿಟ್ಟ ಮೇಲೆ ತಳದಲ್ಲಿ ಎಷ್ಟು ಮಣ್ಣು ಕೂತಿದೆ ಎಂದು ಬರೆದಿಡಿ.

ಆಮೇಲೆ ಆ ಮೂರು ಲೋಟಗಳನ್ನು ಮುಂದಿಟ್ಟುಕೊಂಡು ಮನೆಮಂದಿಯೆಲ್ಲ ಒಂದು ಪ್ರಶ್ನೆ ಕೇಳಿಕೊಳ್ಳಬಹುದು. ಕೆಳಗಿನ ಹೊಲದವನು ಎಷ್ಟೇ ಎತ್ತರದ ಒಡ್ಡು ಹಾಕಿಕೊಂಡರೂ ಮೇಲಿನ ಹೊಲದಿಂದ ಮೂರನೆಯ ಲೋಟದ ನೀರೇ ಬರುತ್ತಿದ್ದರೆ ಏನು ಪ್ರಯೋಜನ? ಮುಗ್ಗಟ್ಟಿನ ಕಾಲದಲ್ಲಿ, ಕೈಯಲ್ಲಿ ಕಾಸಿಲ್ಲದ ರೈತರು ಈ ಪ್ರಶ್ನೆಗೆ ಉತ್ತರ ಹುಡುಕಿದರು. ನೆರೆಯವನ ಬೇಲಿಯ ಹತ್ತಿರ ಹೋಗಿ, ನಿನ್ನ ಸಾಲು ಎಲ್ಲಿಗೆ ಬಂದು ನಿಲ್ಲುತ್ತದೆ, ನನ್ನದನ್ನು ಅಲ್ಲಿಂದಲೇ ಮುಂದುವರಿಸುತ್ತೇನೆ ಎನ್ನುವಷ್ಟು ಹೊಂದಿಕೆ ಅವರಲ್ಲಿ ಬಂತು. ಕೂನ್ ವ್ಯಾಲಿಯ ಗುಡ್ಡಗಳನ್ನು ಎತ್ತರದಿಂದ ನೋಡಿದರೆ ಹಸಿರು, ಹೊಂಬಣ್ಣದ ಡೊಂಕು ಪಟ್ಟಿಗಳು ಇಂದಿಗೂ ಹಲವು ಕಡೆ ಕಾಣುತ್ತವೆ.