ಕಲ್ಲಿಗೆ ಕಿವಿಗೊಡುವ ಊರು

ಮೂರ್ತಿಗೆ ಕಲ್ಲು ಆರಿಸುವ ಹೊತ್ತಿನಲ್ಲಿ ಶಿಲ್ಪಿಗೆ ಕಣ್ಣಿನಷ್ಟೇ ಕಿವಿಯೂ ಬೇಕು. ದಿಮ್ಮಿಯನ್ನು ನೆಲಕ್ಕೆ ಪೂರ್ತಿ ಒರಗಿಸದೆ ಕೆಳಗೆ ಎರಡು ಮರದ ತುಂಡು ಕೊಟ್ಟು ಎತ್ತರಿಸುತ್ತಾರೆ. ಮೇಲಿನ ಧೂಳು ಹೋಗುವಂತೆ ನೀರು ಹುಯ್ಯುತ್ತಾರೆ. ಆಮೇಲೆ ಸಣ್ಣ ಸುತ್ತಿಗೆ ಹಿಡಿದು ಈ ತುದಿಯಿಂದ ಆ ತುದಿಗೆ ಗೇಣು ಗೇಣಿಗೂ ತಟ್ಟುತ್ತಾ ಹೋಗುತ್ತಾರೆ. ‘ಣಣ್’ ಎಂದೆದ್ದ ಸದ್ದು ಒಂದಿಷ್ಟು ಹೊತ್ತು ನಿಂತು ಮೆಲ್ಲಗೆ ಇಳಿದರೆ ಕಲ್ಲು ಗಟ್ಟಿ. ನಡುವೆ ಎಲ್ಲಾದರೂ ‘ದಬ್’ ಎಂದು ಸತ್ತರೆ ಒಳಗೆ ಬಿರುಕೋ ಟೊಳ್ಳೋ ಇದೆ ಎಂದೇ ಅರ್ಥ. ನೀರು ಆರುವಾಗ ಸೀಳು ಇದ್ದ ಕಡೆ ತೇವದ ಗೆರೆ ತಡವಾಗಿ ಆರುತ್ತದೆ. ಕಿವಿ ಹೇಳಿದ್ದನ್ನು ಕಣ್ಣು ಖಾತ್ರಿ ಮಾಡಿಕೊಳ್ಳುತ್ತದೆ. ಈ ಪರೀಕ್ಷೆಯಲ್ಲಿ ಎಡವಿದರೆ ತಿಂಗಳುಗಟ್ಟಲೆ ಕೆತ್ತಿದ ಮೂರ್ತಿಯ ಮಣಿಕಟ್ಟು ಕೊನೆಯ ಚಾಣದ ಪೆಟ್ಟಿಗೆ ಮುರಿದು ಬೀಳುತ್ತದೆ. ಭಿನ್ನವಾದ ಮೂರ್ತಿ ಪೂಜೆಗೆ ಬಾರದು.

ಇಂಥ ಕಿವಿಗಳು ಒಂದೇ ಊರಿನಲ್ಲಿ ಗುಂಪಾಗಿ ಸಿಗುವುದು ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ. ಬೆಂಗಳೂರಿನಿಂದ ಕೋಲಾರದ ಹೆದ್ದಾರಿ ಹಿಡಿದು ಒಳಕ್ಕೆ ತಿರುಗಿದರೆ ಸಿಗುವ ಊರು ಇದು. ಹಲವು ಮನೆಗಳ ಅಂಗಳವೇ ಕಾರ್ಯಾಗಾರ. ಬಾಗಿಲ ಪಕ್ಕದಲ್ಲಿ ಅರ್ಧ ಮುಗಿದ ಆಂಜನೇಯ, ಗೋಡೆಗೆ ಒರಗಿಸಿದ ನವಗ್ರಹ, ಮುಖ ಮಾತ್ರ ಮೂಡಿದ ನಂದಿ, ಸಾಲಾಗಿ ನಾಗರಕಲ್ಲು. ಕೆಲವರು ಮೇಣದ ಅಚ್ಚಿನಲ್ಲಿ ಪಂಚಲೋಹದ ಉತ್ಸವಮೂರ್ತಿಗಳನ್ನೂ ಎರಕ ಹುಯ್ಯುತ್ತಾರೆ. ತಮ್ಮ ಕಸುಬು ಗಂಗರ ಕಾಲದ್ದು ಎಂಬುದು ಇಲ್ಲಿನವರ ನಂಬಿಕೆ. ಆಗ ಕುವಲಾಲವೆಂದು ಕರೆಸಿಕೊಂಡಿದ್ದ ಕೋಲಾರ ತಲಕಾಡಿಗಿಂತ ಮೊದಲು ಗಂಗರ ರಾಜಧಾನಿಯಾಗಿದ್ದನ್ನು ನೆನೆದರೆ ಆ ಮಾತನ್ನು ಸುಮ್ಮನೆ ತಳ್ಳಿಹಾಕಲು ಮನಸ್ಸು ಬರುವುದಿಲ್ಲ.

ಕಲ್ಲಿನ ಪರೀಕ್ಷೆಗೆ ಈ ಸೀಮೆಯಲ್ಲಿ ಒಂದು ಪುರಾಣವೇ ಇದೆ. ಮುಳಬಾಗಿಲು ತಾಲ್ಲೂಕಿನ ಕುರುಡುಮಲೆಯ ಸೋಮೇಶ್ವರ ಗುಡಿಯಲ್ಲಿ ಒಂದು ಭಾಗ ಜಕಣಾಚಾರಿಯದು, ಇನ್ನೊಂದು ಭಾಗ ಮಗ ಡಂಕಣನದು ಎಂದು ಊರವರು ತೋರಿಸುತ್ತಾರೆ. ಇದೇ ಡಂಕಣ ಬೇಲೂರಿನಲ್ಲಿ ಅಪ್ಪನ ಮೂರ್ತಿಯ ಕಲ್ಲಿನಲ್ಲಿ ದೋಷ ಹಿಡಿದ ಕಥೆ ಕನ್ನಡದ ಮಕ್ಕಳಿಗೆಲ್ಲ ಗೊತ್ತು. ಗಂಧ ಲೇಪಿಸಿದಾಗ ಮೈಯೆಲ್ಲ ಒಣಗಿ ಹೊಕ್ಕುಳ ಬಳಿ ಮಾತ್ರ ಹಸಿಯಾಗಿ ಉಳಿಯಿತು. ಒಡೆದರೆ ಒಳಗೆ ಕಪ್ಪೆ. ನಡೆದದ್ದೋ ಕಟ್ಟಿದ್ದೋ, ಆ ಕಥೆಯೊಳಗಿನ ವಿಧಾನ ಮಾತ್ರ ನಿಜದ ಕಸುಬಿನದು. ಹಸಿ ಉಳಿದ ಜಾಗವನ್ನು ನಂಬಬೇಡ ಎಂಬುದನ್ನು ಇಂದಿಗೂ ಕಲ್ಲು ಕೆತ್ತುವವರು ಮಕ್ಕಳಿಗೆ ಹೇಳಿಕೊಡುತ್ತಾರೆ.

ಶಿಲ್ಪಶಾಸ್ತ್ರದ ಗ್ರಂಥಗಳು ಇನ್ನೂ ಮುಂದೆ ಹೋಗಿ ಸದ್ದಿನ ಮೇಲೆ ಕಲ್ಲಿಗೆ ಲಿಂಗವನ್ನೇ ಕೊಟ್ಟಿವೆ. ಗಂಟೆಯಂತೆ ತುಂಬು ನಾದ ಕೊಡುವುದು ಗಂಡುಕಲ್ಲು, ಕಂಚಿನ ತಾಳದಂತೆ ನುಡಿಯುವುದು ಹೆಣ್ಣುಕಲ್ಲು, ಸದ್ದೇ ಇಲ್ಲದ್ದು ನಪುಂಸಕ ಶಿಲೆ. ದೇವರಿಗೆ ಮೊದಲನೆಯದು, ದೇವಿಗೂ ಪೀಠಕ್ಕೂ ಎರಡನೆಯದು, ತಳಪಾಯಕ್ಕೆ ಮೂರನೆಯದು. ಹೆಸರುಗಳನ್ನು ಬದಿಗಿಟ್ಟು ನೋಡಿದರೆ ಇದು ಅಪ್ಪಟ ವಸ್ತುವಿಜ್ಞಾನ. ಕಣಗಳು ಒತ್ತಾಗಿ ಬೆಸೆದುಕೊಂಡ, ಬಿರುಕಿಲ್ಲದ ಕಲ್ಲಿನಲ್ಲಿ ಕಂಪನ ತಡೆಯಿಲ್ಲದೆ ಓಡಾಡುತ್ತದೆ, ಅದಕ್ಕೇ ನಾದ ನಿಲ್ಲುತ್ತದೆ. ಬಿರುಕಿನ ಎರಡು ದಡ ಒಂದಕ್ಕೊಂದು ಉಜ್ಜಿ ಕಂಪನವನ್ನು ನುಂಗಿದರೆ ಸದ್ದು ಅಲ್ಲೇ ಸಾಯುತ್ತದೆ. ಮಾಲೂರಿನ ಹೆಂಚು ಕೊಳ್ಳುವಾಗ ಬೆರಳಿನಿಂದ ಕುಟ್ಟಿ ನೋಡುತ್ತೇವಲ್ಲ, ಅದೇ ಲೆಕ್ಕ.

ಹಾಗಾದರೆ ಇಷ್ಟು ನಾದ ತುಂಬಿದ ವಸ್ತುವನ್ನು ಯಾರೂ ವಾದ್ಯ ಮಾಡಿಕೊಳ್ಳಲಿಲ್ಲವೇ? ಮಾಡಿಕೊಂಡಿದ್ದಾರೆ, ಅದೂ ನಮ್ಮಲ್ಲೇ, ಬಹಳ ಹಿಂದೆಯೇ. ಬಳ್ಳಾರಿಯ ಪಕ್ಕದ ಸಂಗನಕಲ್ಲು–ಕುಪ್ಪಗಲ್ಲು ಬೆಟ್ಟದಲ್ಲಿ ಕಪ್ಪು ಡಾಲರೈಟ್ ಬಂಡೆಗಳ ಸಾಲೊಂದಿದೆ. ಅದರ ಮೇಲೆ ಉದ್ದ ಕೊಂಬಿನ ಗೂಳಿಗಳು, ಮನುಷ್ಯರು, ಸಾಲು ಸಾಲು ಕುಟ್ಟು ಚಿತ್ರಗಳು. ನವಶಿಲಾಯುಗದ ದನಗಾಹಿಗಳ ಕೈಯವು ಇವು. ಫಾಸೆಟ್ ಎಂಬಾತ 1892ರಲ್ಲೇ ಇವುಗಳ ಬಗ್ಗೆ ಬರೆದಿದ್ದ. ಚಿತ್ರಗಳ ನಡುವೆ ಕೆಲವು ಬಂಡೆಗಳಲ್ಲಿ ಬಟ್ಟಲಿನಂಥ ಗುಳಿಗಳಿವೆ. ಅಲ್ಲಿ ಇನ್ನೊಂದು ಕಲ್ಲಿನಿಂದ ಕುಟ್ಟಿದರೆ ಜಾಗಟೆಯಂಥ ಆಳವಾದ ದನಿ ಹೊರಡುತ್ತದೆ. ಮತ್ತೆ ಮತ್ತೆ ಕುಟ್ಟಿದ್ದರಿಂದಲೇ ಆ ಗುಳಿಗಳು ಬಿದ್ದಿವೆ ಎಂದು ಪುರಾತತ್ವಜ್ಞೆ ನಿಕೋಲ್ ಬೊಯ್ವಿನ್ 2004ರಲ್ಲಿ ‘ಆ್ಯಂಟಿಕ್ವಿಟಿ’ ಪತ್ರಿಕೆಯಲ್ಲಿ ವಾದಿಸಿದರು. ಬಂಡೆಯ ಮೇಲೆ ಚಿತ್ರ ಬರೆಯುವುದೂ ಬಂಡೆಯನ್ನು ನುಡಿಸುವುದೂ ಒಂದೇ ಆಚರಣೆಯ ಎರಡು ಭಾಗ ಎಂಬುದು ಅವರ ನೋಟ. ಆ ಬೆಟ್ಟದ ಪಕ್ಕದಲ್ಲೇ ಜಲ್ಲಿಗಾಗಿ ಕಲ್ಲು ಒಡೆಯುತ್ತಿದ್ದುದನ್ನೂ ಅವರು ಬರೆದಿದ್ದಾರೆ. ಸಾವಿರಾರು ವರ್ಷದ ವಾದ್ಯವನ್ನು ರಸ್ತೆಗೆ ಸುರಿಯುವ ಜಲ್ಲಿಯ ಲೆಕ್ಕದಲ್ಲಿ ನೋಡುವುದಕ್ಕಿಂತ ದೊಡ್ಡ ನಷ್ಟ ನನಗೆ ತೋಚುವುದಿಲ್ಲ.

ಕುಪ್ಪಗಲ್ಲಿನಿಂದ ಹಂಪಿಗೆ ದೂರವೇನಿಲ್ಲ. ವಿಜಯ ವಿಠ್ಠಲ ಗುಡಿಯ ಮಹಾಮಂಟಪದ ಸಂಗೀತ ಕಂಬಗಳನ್ನು ನೋಡದವರು ಕಡಿಮೆ, ಕೇಳಿದವರು ಇನ್ನೂ ಕಡಿಮೆ. ಸವೆಯುತ್ತವೆ ಎಂದು ಈಗ ತಟ್ಟಲು ಬಿಡುವುದಿಲ್ಲ. ಬಿಡದಿರುವುದೇ ಸರಿ. ಒಂದೇ ಕಗ್ಗಲ್ಲಿನಲ್ಲಿ ನಡುವಿನ ದಪ್ಪ ಕಂಬವನ್ನೂ ಸುತ್ತಲಿನ ತೆಳು ಕೋಲುಗಳನ್ನೂ ಬಿಡಿಸಿರುವ ಕೆಲಸ ಅದು. ಒಂದೊಂದು ಕೋಲಿಗೂ ಬೇರೆ ಬೇರೆ ದನಿ. ಒಳಗೆ ಟೊಳ್ಳು ಕೊರೆದಿದ್ದಾರೆ, ಲೋಹ ಬೆರೆಸಿದ್ದಾರೆ ಎಂದೆಲ್ಲ ಮಾತುಗಳಿದ್ದವು. ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕಂಬಗಳಿಗೆ ಪೆಟ್ಟಾಗದಂತೆ ಪರೀಕ್ಷೆ ನಡೆಸಿ ಈ ಗುಮಾನಿಗೆ ತೆರೆ ಎಳೆದರು: ಕೋಲುಗಳು ಪೂರ್ತಿ ಗಟ್ಟಿ, ತಟ್ಟಿದಾಗ ಬಳುಕುವುದರಿಂದಲೇ ದನಿ ಹುಟ್ಟುತ್ತದೆ. ಅಂದರೆ ಶ್ರುತಿಯನ್ನು ನಿರ್ಧರಿಸಿದ್ದು ಕೋಲಿನ ಉದ್ದ ಮತ್ತು ದಪ್ಪ, ಅದನ್ನು ಕೂದಲೆಳೆಯ ಲೆಕ್ಕದಲ್ಲಿ ಇಳಿಸಿದ ಕೈ. ಮೇಲೂ ಕೆಳಗೂ ಬಂಡೆಗೆ ಅಂಟಿಕೊಂಡೇ ಇರುವ ಕೋಲಿಗೆ ಶ್ರುತಿ ಕೂಡಿಸುವುದೆಂದರೆ ತಪ್ಪಿದರೆ ತಿದ್ದಲು ಇನ್ನೊಂದು ಅವಕಾಶವಿಲ್ಲ. ಒಂದು ಪದರ ಹೆಚ್ಚು ತೆಗೆದರೆ ಮತ್ತೆ ಅಂಟಿಸಲಾಗದು. ಮದುರೆಯ ಮೀನಾಕ್ಷಿ ಗುಡಿ, ತಿರುನೆಲ್ವೇಲಿಯ ನೆಲ್ಲೈಯಪ್ಪರ್ ಗುಡಿ, ಶುಚೀಂದ್ರಂ, ಇಲ್ಲೆಲ್ಲ ಇದೇ ಜಾತಿಯ ಕಂಬಗಳಿವೆ. ಕುಂಭಕೋಣದ ಆದಿ ಕುಂಭೇಶ್ವರ ಗುಡಿಯಲ್ಲಿ ಕಲ್ಲಿನ ನಾಗಸ್ವರವೇ ಇದೆ.

ಹೊರಗಿನ ಲೋಕದಲ್ಲಿ ಕಲ್ಲಿನ ವಾದ್ಯಕ್ಕೆ ರಾಜಮರ್ಯಾದೆ ಸಿಕ್ಕಿದ್ದು ಚೀನಾ ಮತ್ತು ಕೊರಿಯಾಗಳಲ್ಲಿ. ಕ್ರಿ.ಪೂ. 433ರ ಸುಮಾರಿಗೆ ಸತ್ತ ಜೆಂಗ್ ನಾಡಿನ ದೊರೆ ಯೀಯ ಸಮಾಧಿಯನ್ನು 1978ರಲ್ಲಿ ತೆರೆದಾಗ ಕಂಚಿನ ಗಂಟೆಗಳ ಜೊತೆ 32 ನಾದದ ಕಲ್ಲುಗಳೂ ಸಿಕ್ಕವು. ಕೊರಿಯಾದ ‘ಪ್ಯೊನ್ಗ್ಯೊಂಗ್’ನಲ್ಲಿ ಮೊಣಕೈಯಂತೆ ಬಾಗಿದ 16 ಕಲ್ಲುಗಳನ್ನು ಎರಡು ಸಾಲಿನಲ್ಲಿ ತೂಗುಹಾಕಿರುತ್ತಾರೆ. ಎಲ್ಲವೂ ಒಂದೇ ಅಳತೆ, ದಪ್ಪ ಮಾತ್ರ ಬೇರೆ. ದಪ್ಪ ಹೆಚ್ಚಿದಷ್ಟೂ ಶ್ರುತಿ ಏರುತ್ತದೆ. ಚಳಿ, ಸೆಕೆ, ಮಳೆಗೆ ತಂತಿಯಂತೆ, ಚರ್ಮದಂತೆ ಕಲ್ಲು ಜಗ್ಗದ ಕಾರಣ ಅರಮನೆಯ ಉಳಿದ ವಾದ್ಯಗಳೆಲ್ಲ ಅದರ ಶ್ರುತಿಯನ್ನೇ ಆಧಾರ ಮಾಡಿಕೊಳ್ಳುತ್ತಿದ್ದವು.

ಈ ವಾದ್ಯದ ಒಂದು ಪ್ರಸಂಗವನ್ನು ಶಿವಾರಪಟ್ಟಣದವರು ಕೇಳಲೇಬೇಕು. ಕೊರಿಯಾದ ದೊರೆ ಸೆಜೊಂಗ್‌ಗಾಗಿ ಬಾಕ್ ಯೊನ್ ಎಂಬ ಸಂಗೀತ ವಿದ್ವಾಂಸ ದೇಶದೊಳಗೇ ಸಿಕ್ಕ ಕಲ್ಲಿನಿಂದ ಈ ವಾದ್ಯ ಮಾಡಿಸಿದ. 1433ರಲ್ಲಿ ಅದನ್ನು ಆಸ್ಥಾನದಲ್ಲಿ ನುಡಿಸಿದಾಗ ದೊರೆ ಎಲ್ಲ ಕೇಳಿ, ಒಂದು ಕಲ್ಲಿನ ಸ್ವರ ತುಸು ಮೇಲಿದೆಯಲ್ಲ ಎಂದ. ಬಾಕ್ ಯೊನ್ ಹೋಗಿ ನೋಡಿದರೆ ಕಲ್ಲು ಉಜ್ಜಬೇಕಾದ ಅಳತೆಗೆ ಎಳೆದಿದ್ದ ಮಸಿಯ ಗೆರೆ ಇನ್ನೂ ಅಳಿದಿರಲಿಲ್ಲ. ಗೆರೆಯಷ್ಟು ಕಲ್ಲನ್ನು ಉಜ್ಜಿ ತೆಗೆದ ಮೇಲೆ ಸ್ವರ ಕೂಡಿತು. ಅರಮನೆಯ ದಿನಚರಿಯಲ್ಲಿ ದಾಖಲಾದ ಸಂಗತಿ ಇದು. ದಿಮ್ಮಿಯ ಮೇಲೆ ಮೂರ್ತಿಯ ಅಳತೆಯಾದ ತಾಳಮಾನದ ಗೆರೆ ಎಳೆದುಕೊಂಡು, ಗೆರೆ ಮುಟ್ಟುವವರೆಗೆ ಕೆತ್ತಿ, ಕೊನೆಗೆ ಗೆರೆಯನ್ನೂ ಉಜ್ಜಿ ತೆಗೆಯುವವರಿಗೆ ಆ ಒಂದು ಗೆರೆಯ ದಪ್ಪ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ.

ವಿಯೆಟ್ನಾಮಿನಲ್ಲಿ 1949ರಲ್ಲಿ ರಸ್ತೆ ಕೆಲಸದ ವೇಳೆ ಸಿಕ್ಕ ಉದ್ದನೆಯ ಕಲ್ಲುಪಟ್ಟಿಗಳು, ಒಡಿಶಾದ ಸಂಕರ್‌ಜಂಗ್‌ನ ಪುರಾತನ ಸಮಾಧಿಗಳಲ್ಲಿ ಸಿಕ್ಕ ನಯಮಾಡಿದ ಪಟ್ಟಿಗಳು, ಇವೆರಡನ್ನೂ ವಿದ್ವಾಂಸರು ವಾದ್ಯಗಳೆಂದೇ ಗುರುತಿಸಿದ್ದಾರೆ. ನನಗೆ ಇವೆಲ್ಲಕ್ಕಿಂತ ಹತ್ತಿರವೆನಿಸುವವನು ಇಂಗ್ಲೆಂಡಿನ ಜೋಸೆಫ್ ರಿಚರ್ಡ್‌ಸನ್, ಏಕೆಂದರೆ ಅವನು ಕಲ್ಲುಕೆಲಸದವನು. ಕೆಸ್ವಿಕ್ ಊರಿನ ಸ್ಕಿಡಾ ಬೆಟ್ಟದ ಕಲ್ಲು ಚೆನ್ನಾಗಿ ನುಡಿಯುತ್ತದೆಂದು ಕಂಡುಕೊಂಡು 1827ರಿಂದ 1840ರವರೆಗೆ, ಹದಿಮೂರು ವರ್ಷ, ಬೆಟ್ಟ ಅಲೆದು ಕಲ್ಲು ಆರಿಸಿ ತಂದ, ಚಿಪ್ಪು ಚಿಪ್ಪಾಗಿ ಕೆತ್ತಿ ಶ್ರುತಿಗೂಡಿಸಿದ. ಮಕ್ಕಳೊಂದಿಗೆ ಊರೂರಿಗೆ ಹೋಗಿ ನುಡಿಸಿದ. 1848ರಲ್ಲಿ ವಿಕ್ಟೋರಿಯಾ ರಾಣಿಯ ಅರಮನೆಯಲ್ಲೂ ಆ ಕಲ್ಲುಗಳು ನುಡಿದವು. ಈಗ ಕೆಸ್ವಿಕ್‌ನ ವಸ್ತುಸಂಗ್ರಹಾಲಯದಲ್ಲಿವೆ.

ಒಬ್ಬನೇ ಹದಿಮೂರು ವರ್ಷದಲ್ಲಿ ಮಾಡಿದ್ದನ್ನು ಒಂದಿಡೀ ಊರು ಮಾಡಲಾರದೇ? ನನ್ನ ಆಸೆ ಇಷ್ಟೇ: ಜಲತರಂಗ, ಕಾಷ್ಠತರಂಗ ಇರುವಂತೆ ಶಿವಾರಪಟ್ಟಣದ ಹೆಸರಿನಲ್ಲಿ ಒಂದು ಶಿಲಾತರಂಗ ಹುಟ್ಟಬೇಕು. ಇದಕ್ಕೆ ಹೊಸ ಕಲ್ಲು ತರಿಸಬೇಕಿಲ್ಲ. ದಿಮ್ಮಿಯನ್ನು ಮೆಷಿನ್‌ಗೆ ಕೊಟ್ಟು ಕೊಯ್ದಾಗ ಪಕ್ಕಕ್ಕೆ ಬೀಳುವ ಚಪ್ಪಡಿಗಳು ಸಾಕು. ಕೃಷ್ಣಶಿಲೆಯ ತುಂಡು ಒಂದು ಬಗೆಯಲ್ಲಿ ನುಡಿದರೆ ಇದೇ ತಾಲ್ಲೂಕಿನ ಟೇಕಲ್ ಕಡೆಯ ಗಟ್ಟಿ ಕಲ್ಲು ಇನ್ನೊಂದು ಬಗೆ. ಯಾವುದು ಚೆಂದವೆಂದು ಆರಿಸುವ ಕಿವಿ ಇಲ್ಲೇ ಇದೆ.

ಲೆಕ್ಕವೂ ಕಷ್ಟದ್ದಲ್ಲ. ಒಂದೇ ಕಲ್ಲಿನ, ಒಂದೇ ದಪ್ಪದ ಪಟ್ಟಿಗಳಲ್ಲಿ ಉದ್ದ ಅರ್ಧವಾದರೆ ಶ್ರುತಿ ನಾಲ್ಕು ಪಟ್ಟು ಏರುತ್ತದೆ. ಹಾಗಾಗಿ 12 ಇಂಚಿನ ಪಟ್ಟಿ ಷಡ್ಜ ನುಡಿದರೆ 10 ಇಂಚಿಗೆ ತುಸು ಕಡಿಮೆಯದು ಪಂಚಮ, ಎಂಟೂವರೆ ಇಂಚಿನದು ಮೇಲಿನ ಷಡ್ಜ. ಶ್ರುತಿ ಇಳಿದಿದ್ದರೆ ತುದಿ ಉಜ್ಜಬೇಕು, ಏರಿದ್ದರೆ ನಡುವಿನ ತಳಭಾಗ ತೆಳುಮಾಡಬೇಕು. ಪಟ್ಟಿಯನ್ನು ಎರಡೂ ತುದಿಯಿಂದ ಉದ್ದದ ಐದನೇ ಒಂದು ಭಾಗಕ್ಕಿಂತ ತುಸು ಒಳಗೆ, ಅಂದರೆ 12 ಇಂಚಿನದಕ್ಕೆ ಎರಡೂಮುಕ್ಕಾಲು ಇಂಚಿನ ಹತ್ತಿರ, ಹಗ್ಗದ ಮೇಲೆ ಕೂರಿಸಿದರೆ ನಾದ ತಡೆಯಿಲ್ಲದೆ ಹೊರಡುತ್ತದೆ. ಆ ಎರಡು ಬಿಂದುಗಳು ಕಂಪಿಸುವುದಿಲ್ಲ.

ಇದನ್ನು ಈಗಲೇ ಹೇಳಲು ಕಾರಣವಿದೆ. ಕಲ್ಲು ಕೆತ್ತನೆಯಲ್ಲಿ ಗ್ರೈಂಡರ್, ಕಟರ್‌ಗಳದ್ದೇ ಈಗ ದೊಡ್ಡ ಪಾಲು. ತಿಂಗಳ ಕೆಲಸವನ್ನು ವಾರಕ್ಕಿಳಿಸಿದ ಮೆಷಿನನ್ನು ಹಳಿಯುವ ಹಕ್ಕು ದೂರ ಕೂತ ನನಗಿಲ್ಲ; ಹೊಟ್ಟೆಪಾಡು ಅವರದು. ಆದರೆ ಗ್ರೈಂಡರಿನ ಕೂಗಿನ ನಡುವೆ ಬೆಳೆದ ಹುಡುಗನಿಗೆ ಚಾಣದ ತುದಿಯಲ್ಲಿ ಕಲ್ಲಿನ ದನಿ ಬದಲಾಗುವುದು ಕೇಳುವುದಿಲ್ಲ. ಅದರ ಧೂಳು ಶ್ವಾಸಕೋಶವನ್ನು ತಿಂದರೆ ಸದ್ದು ಕಿವಿಯನ್ನು ತಿನ್ನುತ್ತದೆ. ಮುಖಕ್ಕೆ ಒಳ್ಳೆಯ ಮಾಸ್ಕು, ಕಿವಿಗೆ ತಡೆ, ಕೊಯ್ಯುವಾಗ ನೀರು, ಇಷ್ಟು ಎಲ್ಲ ಅಂಗಳಕ್ಕೂ ಸಿಗಬೇಕು. ಅದರ ಜೊತೆಗೆ ಕಿವಿಯಿಂದಲೇ ಮಾಡಬೇಕಾದ, ಮೆಷಿನ್ ನಿಲ್ಲಿಸಿಯೇ ಮಾಡಬೇಕಾದ, ನಾಲ್ಕು ಕಾಸೂ ತರುವ ಒಂದು ಕೆಲಸ ಊರಿನಲ್ಲಿದ್ದರೆ ಮಕ್ಕಳು ಆ ವಿದ್ಯೆಯನ್ನು ಬಿಡುವುದಿಲ್ಲ. ಎಂಟು ಪಟ್ಟಿಗಳ ಒಂದು ಸೆಟ್ಟನ್ನು ಮೊದಲು ಕೊಳ್ಳಬೇಕಾದವರು ಕೋಲಾರ ಜಿಲ್ಲೆಯ ಸರ್ಕಾರಿ ಶಾಲೆಗಳು. ಮಳೆಗೆ ನೆನೆದರೂ ಕೆಡದ, ತಂತಿ ಹರಿಯದ, ಶ್ರುತಿ ಜಗ್ಗದ ವಾದ್ಯ ಶಾಲೆಗೆ ಇದಕ್ಕಿಂತ ಬೇರೆ ಯಾವುದಿದೆ?