ಅಂಚು ಅರಿಯದ ಪ್ರಾಣಿ

ನಂದಿ ಬೆಟ್ಟದ ತಪ್ಪಲಲ್ಲಿ ಹುಟ್ಟಿದ ಮೇಕೆಮರಿ ಮೊದಲ ದಿನವೇ ಎದ್ದು ನಿಲ್ಲುತ್ತದೆ. ಬಂಡೆಯ ಅಂಚು ಎದುರಾದರೆ ತಾನಾಗಿ ತಡೆಯುತ್ತದೆ, ಯಾರೂ ಹೇಳಿಕೊಡಬೇಕಿಲ್ಲ. ಶಿಡ್ಲಘಟ್ಟದ ಹುಳುಮನೆಯಲ್ಲಿ ತಟ್ಟೆಯ ತುಂಬ ಹರಡಿದ ರೇಷ್ಮೆಹುಳುವಿಗೂ ಬೀಳುವ ಚಿಂತೆಯಿಲ್ಲ. ಸಾವಿರಾರು ವರ್ಷ ಮನುಷ್ಯನ ಕೈಯಲ್ಲಿ ಬೆಳೆದು ಅದು ಅಲೆಯುವ ಗುಣವನ್ನೇ ಬಿಟ್ಟಿದೆ. ಸೊಪ್ಪು ಇದ್ದಲ್ಲಿ ಕಚ್ಚಿಕೊಂಡು ಕೂರುತ್ತದೆ. ಅದೇ ಮನೆಯ ನಡುಕೋಣೆಯಲ್ಲಿ, ಮಂಚದ ಮೇಲೆ, ನಾಲ್ಕು ತಿಂಗಳ ಕೂಸು ಮಲಗಿದೆ. ಅದಕ್ಕೆ ಮೇಕೆಮರಿಯ ಎಚ್ಚರವೂ ಇಲ್ಲ, ಹುಳುವಿನ ಸ್ಥಿರತೆಯೂ ಇಲ್ಲ. ಉರುಳುವ ಶಕ್ತಿಯೊಂದು ಮಾತ್ರ ಹೊಸದಾಗಿ ಬಂದಿದೆ.

ಉರುಳಾಟ ಶುರುವಾಗುವುದು ತಲೆಯಿಂದ. ಹುಟ್ಟಿದ ಮಗುವಿನ ಉದ್ದದಲ್ಲಿ ನಾಲ್ಕರಲ್ಲೊಂದು ಪಾಲು ತಲೆಯೇ. ದೊಡ್ಡವರಲ್ಲಿ ಅದು ಎಂಟರಲ್ಲೊಂದಕ್ಕೆ ಹತ್ತಿರ. ಮೊದಲ ಕೆಲವು ತಿಂಗಳು ಅಂಗಾತ ಮಲಗಿದ ಕೂಸು ತಲೆಯನ್ನು ಒಂದು ಕಡೆಗೆ ತಿರುಗಿಸಿದರೆ ಆ ಕಡೆಯ ಕೈ ತಾನಾಗಿ ಚಾಚಿಕೊಳ್ಳುತ್ತದೆ, ಇನ್ನೊಂದು ಮಡಚಿಕೊಳ್ಳುತ್ತದೆ. ಚಾಚಿದ ಕೈ ಅಡ್ಡ ಬರುವುದರಿಂದ ಮೈ ಸುಲಭವಾಗಿ ಮಗುಚುವುದಿಲ್ಲ. ನಾಲ್ಕನೇ ತಿಂಗಳ ಹೊತ್ತಿಗೆ ಈ ಪ್ರತಿವರ್ತನೆ ಸಡಿಲಾಗುತ್ತದೆ, ಕತ್ತು ಬಲಿಯುತ್ತದೆ. ಈಗ ತಲೆ ತಿರುಗಿದರೆ ಭುಜ ಹಿಂಬಾಲಿಸುತ್ತದೆ, ಭುಜದ ಹಿಂದೆ ಸೊಂಟ, ಆಮೇಲೆ ಕಾಲು. ಕೂಸು ಬೋರಲು ಬಿತ್ತು! ಲಸಿಕೆಯ ಲೆಕ್ಕದಲ್ಲಿ ಹೇಳುವುದಾದರೆ 6, 10, 14 ವಾರದ ಚುಚ್ಚುಮದ್ದುಗಳಲ್ಲಿ ಮೂರನೆಯದು ಮುಗಿದು ಸ್ವಲ್ಪ ದಿನಕ್ಕೆ.

ಚಿಂತಾಮಣಿ, ಬಾಗೇಪಲ್ಲಿ ಕಡೆಯ ತೆಲುಗು ಮಾತಿನ ಮನೆಗಳಲ್ಲಿ ಬೋರಲು ಬಿದ್ದರೆ ಒಬ್ಬಟ್ಟು, ಹೆಜ್ಜೆ ಇಟ್ಟರೆ ಕಜ್ಜಾಯ ಎಂದು ಒಂದೊಂದು ಘಟ್ಟಕ್ಕೂ ಒಂದೊಂದು ಸಿಹಿ ಗೊತ್ತುಮಾಡಿಕೊಂಡಿದ್ದಾರೆ. ಆದರೆ ಒಬ್ಬಟ್ಟಿಗೆ ಬೇಳೆ ಬೇಯಿಸುವುದು ಬೋರಲು ಬಿದ್ದ ಮೇಲೆ ತಾನೆ? ಮೊದಲ ಸಲ ಮಗುಚುವ ದಿನವನ್ನು ಮಗು ಮುಂಚೆ ತಿಳಿಸುವುದಿಲ್ಲ. ‘ನಮ್ ಪಾಪು ಇನ್ನೂ ಬೋರಲು ಬೀಳಲ್ಲ’ ಅನ್ನುವ ಮಾತು ನಿನ್ನೆಯವರೆಗಷ್ಟೇ ನಿಜ. ಇನ್ನೂ ಎಳೆಯ ಕೂಸು ಕೂಡ ಸುಮ್ಮನೆ ಬಿದ್ದಿರುವುದಿಲ್ಲ. ಅಳುವಾಗ ಹಿಮ್ಮಡಿ ಒತ್ತಿ ಒತ್ತಿ ತಲೆಯ ದಿಕ್ಕಿಗೆ ಸರಿಯುತ್ತದೆ.

ಐದು ತಿಂಗಳ ಮಗುವಿನ ಎದೆಯ ಸುತ್ತಳತೆ ಸುಮಾರು 42 ಸೆಂಟಿಮೀಟರ್. ಒಮ್ಮೆ ಮಗುಚಿದರೆ ಅರ್ಧ ಸುತ್ತು, ಅಂದರೆ 20 ಸೆಂಟಿಮೀಟರಿನಷ್ಟು ಪಕ್ಕಕ್ಕೆ ಸರಿದಂತೆ. ನಾಲ್ಕಡಿ ಅಗಲದ ಮಂಚದ ನಟ್ಟನಡುವೆ ಮಲಗಿಸಿದರೂ ಅಂಚು ಮೂರು ಮಗುಚಿನ ದೂರದಲ್ಲಿದೆ. ಮೊದಮೊದಲು ಮಗು ಬೋರಲಾಗಿ ಅಲ್ಲೇ ಸಿಕ್ಕಿಕೊಂಡು ಅಳುತ್ತದೆ. ಮತ್ತೆ ಅಂಗಾತ ಆಗುವುದನ್ನೂ ಕಲಿತ ಮೇಲೆ ಮೂರು ಮಗುಚು ಒಂದು ಆಟ. ಹಳೆಯ ಹತ್ತಿ ಹಾಸಿಗೆಯಾದರೆ ನಾವು ಕೂತು ಏಳುವ ಅಂಚು ತಗ್ಗಾಗಿ ಹೊರಕ್ಕೆ ಇಳಿಜಾರಾಗಿರುತ್ತದೆ. ಕೊನೆಯ ಮಗುಚನ್ನು ಹಾಸಿಗೆಯೇ ಮಾಡಿಸುತ್ತದೆ.

ಬೀಳುವುದಕ್ಕೆ ಹಿಡಿಯುವ ಹೊತ್ತು ಎಷ್ಟು? ಒಂದೂವರೆ ಅಡಿ ಅಂದರೆ 45 ಸೆಂಟಿಮೀಟರ್ ಎತ್ತರದ ಮಂಚದಿಂದ ನೆಲ ಮುಟ್ಟಲು 0.3 ಸೆಕೆಂಡ್. ಕಣ್ಣು ಕಂಡದ್ದಕ್ಕೆ ದೊಡ್ಡವರ ಕೈ ಅಲುಗುವುದಕ್ಕೇ ಹತ್ತಿರಹತ್ತಿರ ಕಾಲು ಸೆಕೆಂಡ್ ಬೇಕು. ಎರಡು ಹೆಜ್ಜೆ ಆಚೆ ಬಟ್ಟೆ ಮಡಚುತ್ತಿರುವ ತಾಯಿ ಎಷ್ಟೇ ಚುರುಕಾಗಿದ್ದರೂ ತಲುಪುವುದಿಲ್ಲ. ಇದು ಅವಳ ಅಜಾಗರೂಕತೆಯ ಮಾತಲ್ಲ, ಗುರುತ್ವದ ಲೆಕ್ಕ. ನೆಲ ಮುಟ್ಟುವ ಹೊತ್ತಿಗೆ ಮಗುವಿನ ವೇಗ ಗಂಟೆಗೆ ಸುಮಾರು 11 ಕಿಲೋಮೀಟರ್. ಬಟ್ಟೆ ಬದಲಿಸಲೆಂದೇ ಮಾಡಿದ ಮೂರಡಿ ಎತ್ತರದ ಮೇಜಿನಿಂದಾದರೆ 15. ಇಂಥ ಮೇಜು ನಮ್ಮ ಮನೆಗಳಲ್ಲಿ ಅಪರೂಪ. ಕಾಣುವುದು ವಿಮಾನ ನಿಲ್ದಾಣದಲ್ಲಿ, ಇಲ್ಲವೇ ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೋದ ಅಜ್ಜಿಯ ಫೋಟೊದಲ್ಲಿ. ಆದರೆ ಊಟದ ಮೇಜು, ವಾಷಿಂಗ್ ಮಷಿನ್, ಕ್ಲಿನಿಕ್ಕಿನ ಪರೀಕ್ಷೆಯ ಮೇಜು ಎಲ್ಲವೂ ಹೆಚ್ಚುಕಡಿಮೆ ಅದೇ ಎತ್ತರದವು. ವೇಗ ಹೆಚ್ಚು ಏರದಿದ್ದರೂ ಪೆಟ್ಟಿನ ಶಕ್ತಿ ಎತ್ತರದಷ್ಟೇ ಏರುತ್ತದೆ. ಎತ್ತರ ಎರಡರಷ್ಟಾದರೆ ಶಕ್ತಿಯೂ ಎರಡರಷ್ಟು.

ಇನ್ನರ್ಧ ಲೆಕ್ಕ ನೆಲದ್ದು. ಬೀಳುವ ವಸ್ತು ಎಷ್ಟು ದೂರದಲ್ಲಿ ನಿಲ್ಲುತ್ತದೆ ಅನ್ನುವುದರ ಮೇಲೆ ಪೆಟ್ಟು ನಿಂತಿದೆ. 450 ಮಿಲಿಮೀಟರ್ ಬಿದ್ದು 5 ಮಿಲಿಮೀಟರಿನಲ್ಲಿ ನಿಂತರೆ ತಡೆಯುವ ಬಲ ಮೈತೂಕದ ತೊಂಬತ್ತು ಪಟ್ಟಿನಷ್ಟು. ದಪ್ಪ ಕೌದಿಯೋ ಕಂಬಳಿಯೋ 30 ಮಿಲಿಮೀಟರ್ ಕುಗ್ಗಿ ನಿಲ್ಲಿಸಿದರೆ ಹದಿನೈದು ಪಟ್ಟು. ಚಿಕ್ಕಬಳ್ಳಾಪುರ ಕಲ್ಲಿನ ಸೀಮೆ. ಹಳೆ ಮನೆಗೆ ಚಪ್ಪಡಿ, ಹೊಸ ಮನೆಗೆ ಪಾಲಿಶ್ ಗ್ರಾನೈಟು. ಎರಡೂ ಒಂದು ಕೂದಲಿನಷ್ಟೂ ಬಗ್ಗುವುದಿಲ್ಲ, ಬಗ್ಗುವುದು ಮಗುವಿನ ತಲೆ. ತಲೆ ಭಾರವಾದ್ದರಿಂದ ಬಹುಪಾಲು ಅದೇ ಮೊದಲು ತಾಗುತ್ತದೆ. ಬುರುಡೆಯ ಎಲುಬುಗಳು ಇನ್ನೂ ಬೆಸೆದುಕೊಂಡಿರುವುದಿಲ್ಲ. ನೆತ್ತಿಯ ಮೆತ್ತನೆ ಜಾಗ ಮುಚ್ಚುವುದು ಹೆಚ್ಚಿನ ಮಕ್ಕಳಲ್ಲಿ ಒಂದರಿಂದ ಒಂದೂವರೆ ವರ್ಷದ ಹೊತ್ತಿಗೆ. ಈ ಸಡಿಲಿನಿಂದ ಅಪಾಯವೂ ಇದೆ, ಒಂದಿಷ್ಟು ರಕ್ಷಣೆಯೂ ಇದೆ. ಮಂಚದೆತ್ತರದಿಂದ ಬಿದ್ದ ಹೆಚ್ಚಿನ ಕೂಸುಗಳಿಗೆ ಬುಗುಟೆಗಿಂತ ದೊಡ್ಡದೇನೂ ಆಗುವುದಿಲ್ಲ. ಆದರೆ ಬುರುಡೆ ಬಿರುಕು ಬಿಡುವ, ಒಳಗೆ ರಕ್ತಸ್ರಾವವಾಗುವ ಕೆಲವು ಮಕ್ಕಳು ಯಾರೆಂದು ಮೊದಲೇ ಹೇಳಲಾಗದು.

ಮೇಕೆಮರಿಗೆ ಗೊತ್ತಿರುವುದು ಮಗುವಿಗೆ ಏಕೆ ಗೊತ್ತಿಲ್ಲ? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಎಲೀನರ್ ಗಿಬ್ಸನ್ ಮತ್ತು ರಿಚರ್ಡ್ ವಾಕ್ ಇದನ್ನು ಪರೀಕ್ಷಿಸಲು ಒಂದು ಹೊಸ ಸಾಧನವನ್ನೇ ಕಟ್ಟಿದರು. ಎತ್ತರದ ಮೇಜಿಗೆ ದಪ್ಪ ಗಾಜಿನ ಹಾಸು. ಅರ್ಧಭಾಗದಲ್ಲಿ ಗಾಜಿಗೆ ತಾಗಿದಂತೆಯೇ ಚೌಕುಳಿ ಬಟ್ಟೆ, ಉಳಿದರ್ಧದಲ್ಲಿ ಅದೇ ಬಟ್ಟೆ ಕೆಳಗೆ ನೆಲದ ಮೇಲೆ. ಕಣ್ಣಿಗೆ ಪ್ರಪಾತ, ಕಾಲಿಗೆ ಗಟ್ಟಿ ಗಾಜು. ಹುಟ್ಟಿ ಒಂದು ದಿನವೂ ಆಗದ ಮೇಕೆಮರಿ ಆಳದ ಕಡೆಗೆ ಕಾಲಿಡಲೇ ಇಲ್ಲ. ಎತ್ತಿ ಅಲ್ಲಿ ಬಿಟ್ಟರೆ ಮುಂಗಾಲು ಸೆಟೆದು ನಿಂತುಬಿಟ್ಟಿತು. ಕೋಳಿಮರಿಯೂ ಆ ಕಡೆ ಹೋಗಲಿಲ್ಲ. ಆರೂವರೆಯಿಂದ ಹದಿನಾಲ್ಕು ತಿಂಗಳ 36 ಮಕ್ಕಳನ್ನು ಎರಡು ಅರ್ಧಗಳ ನಡುವಿನ ಹಲಗೆಯ ಮೇಲೆ ಕೂರಿಸಿ ತಾಯಂದಿರು ಕರೆದಾಗ 27 ಮಕ್ಕಳು ಹೊರಟರು. ಅವರಲ್ಲಿ ಆಳದ ಕಡೆ ಅಂಬೆಗಾಲಿಟ್ಟದ್ದು ಮೂವರು ಮಾತ್ರ. ಇದು ಪ್ರಕಟವಾದದ್ದು 1960ರಲ್ಲಿ. ಹಾಗಾದರೆ ನಮ್ಮ ಮಕ್ಕಳಿಗೂ ಆಳದ ಭಯ ಹುಟ್ಟಿನಿಂದಲೇ ಇದೆ ಎಂದು ಹಲವರು ನೆಮ್ಮದಿ ಪಟ್ಟುಕೊಂಡರು.

ಆ ಪ್ರಯೋಗದಲ್ಲಿ ಇದ್ದವರೆಲ್ಲ ಆಗಲೇ ಅಂಬೆಗಾಲಿಗೆ ಬಂದ ಮಕ್ಕಳು. ಹರಿದಾಡದ ಎಳೆಗೂಸಿನ ಕತೆ ಏನು? 1970ರಲ್ಲಿ ಜೋಸೆಫ್ ಕ್ಯಾಂಪೋಸ್ ಮತ್ತು ಜೊತೆಗಾರರು ಅಂಥ ಕೂಸುಗಳನ್ನು ಗಾಜಿನ ಆಳದ ಕಡೆ ಮಲಗಿಸಿ ಎದೆಬಡಿತ ನೋಡಿದರು. ಭಯವಾಗಿದ್ದರೆ ಬಡಿತ ಏರಬೇಕಿತ್ತು. ಇಳಿಯಿತು. ನಾವು ಏನನ್ನಾದರೂ ಕುತೂಹಲದಿಂದ ದಿಟ್ಟಿಸುವಾಗ ಆಗುವುದು ಅದೇ. ಆಳ ಕೂಸಿಗೆ ಕಾಣುತ್ತದೆ, ಅದರ ಅರ್ಥ ಗೊತ್ತಿಲ್ಲ. ಅರ್ಥ ಬರುವುದು ತಾನೇ ಹರಿದಾಡಿದ ಮೇಲೆ, ಕೆಲವು ವಾರಗಳ ಅನುಭವದಿಂದ. ಮೇಕೆಗೆ ಮೊದಲ ದಿನವೇ ನಡೆಯಬೇಕು, ಹಾಗಾಗಿ ಅಂಚಿನ ಅರಿವನ್ನು ಹೊತ್ತೇ ಹುಟ್ಟುತ್ತದೆ. ಮನುಷ್ಯನ ಕೂಸು ತಿಂಗಳುಗಟ್ಟಲೆ ಕಂಕುಳಲ್ಲಿ ಬದುಕುವ ಪ್ರಾಣಿ. ಕಂಕುಳಿಗೆ ಅಂಚಿಲ್ಲ.

ನ್ಯೂಯಾರ್ಕಿನ ಮನೋವಿಜ್ಞಾನಿ ಕರೆನ್ ಅಡಾಲ್ಫ್ ತೋರಿಸಿದ್ದು ಇನ್ನೂ ದಿಗಿಲಿನ ಸಂಗತಿ. ಒಂಬತ್ತೂವರೆ ತಿಂಗಳ ಮಕ್ಕಳ ಮುಂದೆ ಆಟಿಕೆ ಇಟ್ಟು ನಡುವೆ ಒಂದು ಕಂದಕ ಬಿಟ್ಟರು. ಕೂತಿದ್ದಾಗ ಮಕ್ಕಳು ಎಷ್ಟು ಬಾಗಿದರೆ ಬೀಳುತ್ತೇವೆಂದು ಸರಿಯಾಗಿ ಅಂದಾಜು ಮಾಡಿದರು. ಅವೇ ಮಕ್ಕಳನ್ನು ಅಂಬೆಗಾಲಿನಲ್ಲಿ ಬಿಟ್ಟರೆ ಹಲವರು ಕಂದಕಕ್ಕೆ ನೇರ ಇಳಿದುಬಿಟ್ಟರು (ಹಿಡಿಯಲು ಪಕ್ಕದಲ್ಲೇ ಒಬ್ಬರಿದ್ದರು). ಕೂರುವಾಗ ಕಲಿತ ಪಾಠ ಅಂಬೆಗಾಲಿಗೆ ಬರುವುದಿಲ್ಲ. ಒಮ್ಮೆ ಬಿದ್ದರೆ ಬುದ್ಧಿ ಬರುತ್ತದೆ ಎಂದು ಹಿರಿಯರು ಹೇಳುವ ಮಾತು ಐದು ತಿಂಗಳ ಕೂಸಿನ ಮಟ್ಟಿಗೆ ಶುದ್ಧ ಸುಳ್ಳು. ಬಿದ್ದ ಸಂಜೆಯೇ ಅದು ಅದೇ ಅಂಚಿಗೆ ಅದೇ ಉತ್ಸಾಹದಿಂದ ಉರುಳುತ್ತದೆ.

ಮಗುವಿಗೆ ಕಲಿಸಲು ಬರುವುದಿಲ್ಲ, ತಾಯಿಗೆ 0.3 ಸೆಕೆಂಡಿನಲ್ಲಿ ಮುಟ್ಟಲು ಬರುವುದಿಲ್ಲ. ನಮ್ಮ ಕೈಯಲ್ಲಿರುವುದು ಎತ್ತರ ಒಂದೇ. ಹಳೆಯ ಮನೆಗಳು ಇದನ್ನು ಸೂತ್ರ ಬರೆಯದೆ ಪಾಲಿಸಿದ್ದವು. ಕೂಸಿಗೆ ನೀರೆರೆಯುವ ಅಜ್ಜಿ ಕಾಲು ಚಾಚಿ ನೆಲಮಟ್ಟದಲ್ಲೇ ಕೂರುತ್ತಾಳೆ. ಜೋಡಿಸಿದ ಕಾಲುಗಳ ನಡುವಿನ ತಗ್ಗಿನಲ್ಲಿ ಕೂಸು. ಎಣ್ಣೆ ಹಚ್ಚಿದ ಮೈ ಜಾರಿದರೂ ಬೀಳುವುದು ಒಂದು ಗೇಣು. ಮಲಗುವುದು ಚಾಪೆಯ ಮೇಲೆ, ಬೀಳುವ ಎತ್ತರ ಸೊನ್ನೆ. ಗೌರಿಬಿದನೂರಿನಲ್ಲಾಗಲಿ ಚಿಂತಾಮಣಿಯಲ್ಲಾಗಲಿ ಮದುವೆಗೆ ಮಂಚ ಕೊಡುವುದು ಈಗ ವಾಡಿಕೆ. ಅಡಿಯಲ್ಲಿ ಸಾಮಾನು ತುಂಬುವ ಪೆಟ್ಟಿಗೆ, ಮೇಲೆ ದಪ್ಪ ಫೋಮ್ ಹಾಸಿಗೆ, ಕೆಳಗೆ ಟೈಲ್ಸ್. ಎತ್ತರವೂ ನೆಲದ ಗಟ್ಟಿತನವೂ ಒಟ್ಟಿಗೆ ಏರಿವೆ.

ಹೊಲದ ಮರಕ್ಕೂ ಮನೆಯ ತೊಲೆಗೂ ಕಟ್ಟುವ ಸೀರೆಯ ಜೋಲಿ ನನ್ನ ಮಟ್ಟಿಗೆ ಒಂದು ಜಾಣ ಯಂತ್ರ. ಸಪಾಟು ಹಾಸಿಗೆಯ ಮೇಲೆ ಮಗು ಎಲ್ಲಿ ಸರಿದರೂ ಅಲ್ಲೇ ನಿಲ್ಲುತ್ತದೆ, ವಾಪಸು ಎಳೆಯುವ ಬಲವಿಲ್ಲ. ಜೋಲಿಯಲ್ಲಿ ಎತ್ತ ಒರಗಿದರೂ ಬಟ್ಟೆಯ ಗೋಡೆಯನ್ನು ಏರಿಯೇ ಹೋಗಬೇಕು, ಗುರುತ್ವ ಅದನ್ನು ತಳಕ್ಕೇ ತರುತ್ತದೆ. ಮಂಚದಲ್ಲಿ ಬೀಳಿಸುವ ಬಲವೇ ಇಲ್ಲಿ ಕಾಯುತ್ತದೆ. ತೂಗಿದರೆ ಅದು ಲೋಲಕ. ಕೊಂಡಿಯಿಂದ ಮಗುವಿನವರೆಗೆ ಒಂದೂವರೆ ಮೀಟರ್ ಇದ್ದರೆ ಒಮ್ಮೆ ಹೋಗಿ ಬರಲು ಎರಡೂವರೆ ಸೆಕೆಂಡ್. ಮಗು ಮೂರು ಕಿಲೋ ಇದ್ದರೂ ಏಳು ಕಿಲೋ ಆದರೂ ಲಯ ಬದಲಾಗದು. ಪೇಟೆಯ ಸ್ಪ್ರಿಂಗ್ ತೊಟ್ಟಿಲಿನ ಕುಣಿತ ಹಾಗಲ್ಲ, ಮಗುವಿನ ತೂಕ ಏರಿದಂತೆ ಅದು ನಿಧಾನವಾಗುತ್ತದೆ.

ಹಾಗೆಂದು ಜೋಲಿಯನ್ನು ಹೊಗಳಿ ಬಿಡುವಂತಿಲ್ಲ. ಹಸುಗೂಸಿನ ಗದ್ದ ಎದೆಗೆ ಒತ್ತಿಕೊಂಡರೆ ಉಸಿರ ದಾರಿ ಕಿರಿದಾಗುತ್ತದೆ. ಜೋಲಿಯ ಬಾಯಿ ಮುಚ್ಚದಂತೆ ಅಡ್ಡಕೋಲು ಇಡುವುದು ಬರೀ ಅಲಂಕಾರಕ್ಕಲ್ಲ. ಕೂರಲು ಕಲಿತ ಮಗು ಬಟ್ಟೆ ಹಿಡಿದು ಎದ್ದು ಹೊರಕ್ಕೆ ಬಾಗುತ್ತದೆ. ಜೋಲಿಯ ಕೆಲಸ ಆ ತಿಂಗಳಿಗೆ ಮುಗಿಯಿತು, ಬಿಚ್ಚಿಡಬೇಕು. ತೂಗುಬಿಟ್ಟ ಖಾಲಿ ಜೋಲಿಯಲ್ಲಿ ದೊಡ್ಡ ಮಕ್ಕಳು ತಿರುಚಿಕೊಂಡು ಆಡುವಾಗ ಕೊರಳಿಗೆ ಸುತ್ತಿ ಸತ್ತ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರು ದಾಖಲಿಸಿದ್ದಾರೆ.

ಮಂಚದ ಮೇಲೆ ಜನ ಮಾಡುವ ಉಪಾಯಗಳಲ್ಲಿ ದಿಂಬಿನ ಕೋಟೆ ಎಲ್ಲರಿಗೂ ಇಷ್ಟ. ನನಗೆ ಅದೇ ಎಲ್ಲಕ್ಕಿಂತ ಹೆದರಿಕೆ. ನಾಲ್ಕು ತಿಂಗಳ ಕೂಸು ದಿಂಬನ್ನು ಹತ್ತಲಾರದು ನಿಜ, ಆದರೆ ಅದಕ್ಕೆ ಮುಖ ಒತ್ತಿಕೊಂಡರೆ ತಿರುಗಿಸಿಕೊಳ್ಳಲೂ ಆಗದೆ ಹೋಗಬಹುದು. ಬಿದ್ದರೆ ಹೆಚ್ಚಾಗಿ ಬುಗುಟೆ, ಉಸಿರು ಕಟ್ಟಿದರೆ ಪ್ರಾಣವೇ ಹೋದೀತು. ಮಂಚವನ್ನು ಗೋಡೆಗೆ ತಳ್ಳಿದರೆ ಹಾಸಿಗೆಗೂ ಗೋಡೆಗೂ ನಡುವೆ ಒಂದು ಸಂದು ಉಳಿಯುತ್ತದೆ, ಸಿಕ್ಕಿಕೊಳ್ಳಲು ಅದೇ ಸಾಕು. ಅಂಗಡಿಯಲ್ಲಿ ಸಿಗುವ ಮಂಚದ ಪಕ್ಕದ ತಡೆ ದೊಡ್ಡ ಮಕ್ಕಳಿಗಾಗಿ ಮಾಡಿದ್ದು, ಎಳೆಗೂಸು ಅದರ ಸಂದಿನಲ್ಲೂ ಸಿಲುಕೀತು. ಪಟ್ಟಿಗಳು ಒತ್ತಾಗಿರುವ ಎತ್ತರದ ಕಟಕಟೆಯ ತೊಟ್ಟಿಲು ಕೊಳ್ಳಬಲ್ಲವರು ಕೊಳ್ಳಲಿ. ಉಳಿದವರಿಗೆ ನೆಲದ ಮೇಲೆ ಚಾಪೆ, ಅದರ ಮೇಲೆ ಬಿಗಿಯಾಗಿ ಹಾಸಿದ ಬಟ್ಟೆ, ಕೂಸು ಅಂಗಾತ. ಇರುವೆ, ಇಲಿ, ಚಳಿಯ ಕಾಟ ಇದ್ದೇ ಇದೆ. ಅವನ್ನು ನೋಡಿಕೊಳ್ಳಲು 0.3 ಸೆಕೆಂಡಿಗಿಂತ ಹೆಚ್ಚು ಹೊತ್ತು ಸಿಗುತ್ತದೆ.

ಈ ಸೀಮೆಯ ತಾಯಂದಿರಿಗೆ ಕಷ್ಟದ ವಾರವೊಂದಿದೆ. ರೇಷ್ಮೆಹುಳು ತನ್ನ ಬಾಳಿನ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲನ್ನು ತಿನ್ನುವುದು ನಾಲ್ಕನೇ ಜ್ವರ (ಪೊರೆ ಕಳಚುವ ನಿದ್ದೆ) ಎದ್ದ ಮೇಲಿನ ಕೊನೆಯ ಏಳೆಂಟು ದಿನದಲ್ಲಿ. ಆಗ ಮನೆಯವರೆಲ್ಲ ಹಗಲು ರಾತ್ರಿ ಸೊಪ್ಪು ತರುವುದರಲ್ಲಿ, ಹಾಕುವುದರಲ್ಲಿ, ಹಣ್ಣಾದ ಹುಳು ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡುವುದರಲ್ಲಿ. ಕೂಸನ್ನು ‘ಒಂದ್ ನಿಮಿಷ’ ಮಂಚದ ಮೇಲೆ ಇಟ್ಟುಹೋಗುವುದು ಆಗಲೇ. ಮಗುವಿಗೆ ಮೂರು ತಿಂಗಳಾದಾಗ ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾರಲ್ಲ, ತೂಕ, ಎದೆಹಾಲು ವಿಚಾರಿಸುವ ಜೊತೆಗೆ ಕೂಸು ಹಗಲು ಎಲ್ಲಿ ಮಲಗುತ್ತದೆ ಎಂದು ಅವರು ಕೇಳುವುದಾದರೆ ಅದಕ್ಕಿಂತ ಸರಿಯಾದ ಹೊತ್ತಿಲ್ಲ.

ಬಿದ್ದೇ ಬಿಟ್ಟರೆ? ಕೂಡಲೇ ಅತ್ತು, ಎತ್ತಿಕೊಂಡರೆ ಸಮಾಧಾನವಾಗಿ, ಎಂದಿನಂತೆ ಹಾಲು ಕುಡಿದರೆ ಅದು ಒಳ್ಳೆಯ ಸೂಚನೆ. ಅಲುಗಾಡಿಸಬೇಡಿ, ಬುಗುಟೆಯನ್ನು ತಿಕ್ಕಬೇಡಿ. ಪ್ರಜ್ಞೆ ತಪ್ಪಿದರೆ, ಮತ್ತೆಮತ್ತೆ ವಾಂತಿಯಾದರೆ, ಮಂಕಾಗಿ ಎಬ್ಬಿಸಿದರೂ ಏಳದಿದ್ದರೆ, ಫಿಟ್ಸ್ ಬಂದರೆ, ಕಿವಿ ಮೂಗಿನಿಂದ ರಕ್ತವೋ ನೀರೋ ಸೋರಿದರೆ, ನೆತ್ತಿ ಉಬ್ಬಿದರೆ 108ಕ್ಕೆ ಕರೆ ಮಾಡಿ. ಮೂರು ತಿಂಗಳ ಒಳಗಿನ ಕೂಸಾದರೆ ಲಕ್ಷಣ ಕಾಯದೆ ತೋರಿಸುವುದು ಲೇಸು. ದೃಷ್ಟಿ ಆಮೇಲೆ ತೆಗೆಯಬಹುದು. ವೈದ್ಯರು ಎಷ್ಟು ಎತ್ತರದಿಂದ ಬಿದ್ದದ್ದು, ಯಾವ ನೆಲದ ಮೇಲೆ ಎಂದು ಕೇಳುತ್ತಾರೆ. ‘ಸ್ವಲ್ಪ ಮೇಲಿಂದ’ ಅಂದರೆ ಅವರಿಗೆ ಪ್ರಯೋಜನವಿಲ್ಲ. ಹೊರಡುವ ಗಡಿಬಿಡಿಯಲ್ಲೂ ಮನೆಯಲ್ಲಿ ಉಳಿದವರೊಬ್ಬರಿಗೆ ಮಂಚವನ್ನು ಗೇಣು ಹಾಕಿ ಅಳೆದು ಫೋನಿನಲ್ಲಿ ಹೇಳಲು ತಿಳಿಸಿ.