ಬಣವೆಯಲ್ಲಿ ಕಾದಿರುವ ಜೀವ

ಸುಗ್ಗಿ ಮುಗಿದ ಹಿತ್ತಿಲು. ರಾಗಿಹುಲ್ಲಿನ ಬಣವೆಯ ಮೇಲೆ ಇಳಿಬಿಸಿಲು. ದಿನಾ ಹಿರಿದು ಹಿರಿದು ಒಂದು ಮಗ್ಗುಲು ಗವಿಯಂತಾಗಿದೆ. ಅಲ್ಲಿಂದ ಒಂದು ತೆಕ್ಕೆ ಹುಲ್ಲೆಳೆದರೆ ಹೊಂಬಣ್ಣದ ದೂಳೆದ್ದು ಮೂಗಿಗೆ ಅಡರುತ್ತದೆ. ಕೊಟ್ಟಿಗೆಯ ಹಸು ಆಗಲೇ ಕತ್ತು ಚಾಚಿದೆ.

ಆ ದೂಳಿನಲ್ಲಿ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾ ಇದೆ. ಅದರ ಮನೆ ಮಣ್ಣು. ಆದರೂ ‘ಒಣಹುಲ್ಲಿನ ಬ್ಯಾಸಿಲಸ್’ ಎಂಬ ಹೆಸರು ಅಂಟಿಕೊಂಡಿತು. ಹುಲ್ಲು ನೆನೆಸಿದ ನೀರನ್ನು ಕುದಿಸಿ ಇಟ್ಟರೂ ಕೆಲವು ದಿನಗಳಲ್ಲಿ ಅದು ಕದಡಿ, ಕಡ್ಡಿಯಾಕಾರದ ಈ ಜೀವಿ ತುಂಬಿಕೊಳ್ಳುತ್ತಿತ್ತು. ಜರ್ಮನಿಯ ಬ್ರೆಸ್ಲಾವಿನಲ್ಲಿದ್ದ ವಿಜ್ಞಾನಿ ಫರ್ಡಿನೆಂಡ್ ಕೋನ್ 1872ರಲ್ಲಿ ಅದಕ್ಕೆ ಈಗಿನ ಹೆಸರಿಟ್ಟರು; 1876ರಲ್ಲಿ ಕುದಿನೀರಿಗೂ ಜಗ್ಗದ ಅದರ ಗುಟ್ಟನ್ನು ಬಿಡಿಸಿದರು. ಆ ಗುಟ್ಟು ಬೀಜಕ.

ಸೂಕ್ಷ್ಮದರ್ಶಕದಲ್ಲಿ ಈ ಬೀಜಕ ಕಟ್ಟುವ ಕೆಲಸವನ್ನು ನೋಡಬೇಕು. ಆಹಾರ ತೀರಿದಾಗ ಕೋಶ ತನ್ನನ್ನು ಎರಡಾಗಿ ಸೀಳಿಕೊಳ್ಳುತ್ತದೆ, ಆದರೆ ಸರಿಪಾಲಾಗಿ ಅಲ್ಲ. ಒಂದು ದೊಡ್ಡದು, ಇನ್ನೊಂದು ಪುಟ್ಟದು. ದೊಡ್ಡದು ಪುಟ್ಟದನ್ನು ತನ್ನೊಳಗೇ ತೆಗೆದುಕೊಂಡು, ಸುತ್ತಲೂ ಪದರದ ಮೇಲೆ ಪದರ ಹೊದಿಸುತ್ತದೆ. ಒಳಗಿನ ನೀರು ಬಸಿದು ಹೋಗುತ್ತದೆ, ಕ್ಯಾಲ್ಸಿಯಂ ತುಂಬಿಕೊಳ್ಳುತ್ತದೆ. ಏಳೆಂಟು ಗಂಟೆಗಳ ದುಡಿಮೆ. ಕೊನೆಗೆ ದೊಡ್ಡ ಕೋಶ ಒಡೆದು ಸಾಯುತ್ತದೆ, ಬೀಜಕ ಹೊರಬೀಳುತ್ತದೆ. ಆ ದೊಡ್ಡದನ್ನು ವಿಜ್ಞಾನಿಗಳು ‘ತಾಯಿಕೋಶ’ ಎನ್ನುತ್ತಾರೆ. ಜೀವಶಾಸ್ತ್ರದಲ್ಲಿ ಇಷ್ಟು ಒಪ್ಪುವ ಹೆಸರನ್ನು ನಾನು ಬೇರೆ ಕಂಡಿಲ್ಲ. ಉಣ್ಣದೆ, ಉಸಿರಾಡದೆ, ಬೀಜಕ ವರ್ಷಗಟ್ಟಲೆ ಹಾಗೆಯೇ ಬಿದ್ದಿರುತ್ತದೆ.

ಹಸು ಹುಲ್ಲು ಮೆಲ್ಲುತ್ತಿದೆ. ಬೀಜಕಗಳೂ ಒಳಗೆ ಹೋದವು. ಹೊಟ್ಟೆಯ ಆಮ್ಲ ಅವನ್ನು ಕರಗಿಸಲಾರದು. ಕರುಳಿನಲ್ಲಿ ತೇವ, ಆಹಾರ ಸಿಕ್ಕರೆ ಕೆಲವು ಮೊಳೆತು, ಮತ್ತೆ ಬೀಜಕವಾಗಿ ಸಾಗುತ್ತವೆ. ಇಲಿಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ನಮ್ಮ ಕರುಳಿನಲ್ಲೂ ಈ ಜೀವಿ ಸಿಕ್ಕಿದೆ. ಬೇಯಿಸಿದ ಸೋಯಾಕಾಳಿಗೆ ಇದನ್ನೇ ಬೆರೆಸಿ, ನೂಲಿನಂತೆ ಲೋಳೆ ಎಳೆಯುವ ‘ನಾಟ್ಟೊ’ ಮಾಡಿ ಜಪಾನಿನವರು ಬೆಳಗಿನ ಅನ್ನದ ಜತೆ ಉಣ್ಣುತ್ತಾರೆ.

ಸೆಗಣಿ ತಿಪ್ಪೆಗೆ ಬೀಳುತ್ತದೆ, ತಿಪ್ಪೆ ಹೊಲಕ್ಕೆ. ಮಳೆ ಬಿದ್ದು ಬೇರುಗಳು ಸಿಹಿ ಒಸರಿದಾಗ ಬೀಜಕ ಕಣ್ಣು ಬಿಡುತ್ತದೆ. ಬೇರಿನ ಮೈಗೆ ಅಂಟಿ, ಒಂದಕ್ಕೊಂದು ಹೆಣೆದುಕೊಂಡು ತೆಳುಪೊರೆ ಕಟ್ಟುತ್ತದೆ, ರೋಗದ ಶಿಲೀಂಧ್ರಗಳನ್ನು ತಡೆಯುವ ರಸ ಸುರಿಸುತ್ತದೆ. ಒಂದು ಪ್ರಯೋಗದಲ್ಲಿ, ಎಲೆಗೆ ರೋಗ ತಗುಲಿದ ಗಿಡ ಬೇರಿನಿಂದ ಮ್ಯಾಲಿಕ್ ಆಮ್ಲ ಹೊರಬಿಟ್ಟು ಈ ಬ್ಯಾಕ್ಟೀರಿಯಾವನ್ನು ಹತ್ತಿರ ಕರೆದದ್ದು ಕಂಡಿತು. ನೋವು ಎಲೆಯದು, ಕೂಗು ಬೇರಿನದು.

ಹೊತ್ತು ಮುಳುಗಿತು. ಹಸು ಕಣ್ಣು ಮುಚ್ಚಿ ಮೆಲುಕು ಹಾಕುತ್ತಿದೆ. ಮುಂಗಾರಿಗೆ ಮೊದಲು ಈ ತಿಪ್ಪೆ ಗಾಡಿಯೇರಿ, ಹುಲ್ಲು ಬಂದ ರಾಗಿ ಹೊಲಕ್ಕೇ ಹೋಗುತ್ತದೆ.